ಒಂದೇ ದಿನ 120 ಯೂನಿಟ್ ರಕ್ತ ತೆಗೆಸಬೇಡಿ

ಯುದ್ಧ ಶುರುವಾದರೆ ನಿಮ್ಮ ಡಿಗ್ರಿ ಕಾಲೇಜಿನ 120 ಮಂದಿ ಒಟ್ಟಿಗೆ ರಕ್ತ ಕೊಟ್ಟು ಸೈನಿಕರಿಗೆ ಕಳಿಸಬೇಕು, ಅಂಥ ಶಿಬಿರ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಕಾರ್ಗಿಲ್ ಸಮಯದಲ್ಲಿ ಎನ್ನೆಸ್ಸೆಸ್‌ನಲ್ಲಿ ಓಡಾಡುತ್ತಿದ್ದ ನಮ್ಮ ತಲೆಯಲ್ಲೂ ಇದೇ ಇತ್ತು. ನನ್ನ ಉತ್ತರ: ಹಾಗೆ ಮಾಡಲೇಬೇಡಿ.

ತಾಲ್ಲೂಕಿನಲ್ಲಿ ಕೊಟ್ಟ ರಕ್ತ ಗಡಿಗೆ ಹೋಗೋದು ಅಪರೂಪ. ಸೇನೆಗೆ ಅದರದೇ ರಕ್ತ ಕೇಂದ್ರಗಳಿವೆ. ನಿಮ್ಮ ಹುಡುಗರ ರಕ್ತ ಹೋಗೋದು ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿಗೆ, ಹೆದ್ದಾರಿ ಅಪಘಾತಕ್ಕೆ, ಪದೇಪದೇ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಮಕ್ಕಳಿಗೆ. ಯುದ್ಧ ಇದ್ದರೂ ಇಲ್ಲದಿದ್ದರೂ ಅವರಿಗೆ ರಕ್ತ ಬೇಕೇ ಬೇಕು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಈಗ ಎಲ್ಲ ಕಾಲೇಜುಗಳೂ ಎಡವುವ ಜಾಗ. ಸಾಮಾನ್ಯ ಸಿಪಿಡಿಎ (ರಕ್ತ ಕೆಡದಂತೆ ಇಡುವ ದ್ರಾವಣ) ಚೀಲದ ರಕ್ತ 2ರಿಂದ 6 ಡಿಗ್ರಿಯ ಫ್ರಿಜ್‌ನಲ್ಲಿ 35 ದಿನ ಇರುತ್ತದೆ. ಕೆಂಪು ಕಣ ಬೇರ್ಪಡಿಸಿ ಬೇರೆ ದ್ರಾವಣ ಸೇರಿಸಿದರೆ 42 ದಿನ. ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್ ಆದರೆ ಬರೀ 5 ದಿನ. ಕೊಟ್ಟವರು ಮತ್ತೆ ಕೊಡಬೇಕಾದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆಯಬೇಕು. ಲೆಕ್ಕ ಹಾಕಿ ನೋಡಿ: ಜೂನ್ 1ಕ್ಕೆ ಎಲ್ಲರೂ ಕೊಟ್ಟರು ಅಂತಿಟ್ಟುಕೊಳ್ಳಿ. ಜುಲೈ ಮೊದಲ ವಾರಕ್ಕೆ ಉಳಿದ ಚೀಲಗಳ ಅವಧಿ ಮುಗೀತು. ಹುಡುಗರು ಮತ್ತೆ ಕೊಡಬಹುದಾದದ್ದು ಆಗಸ್ಟ್ 30ಕ್ಕೆ, ಹುಡುಗಿಯರು ಸೆಪ್ಟೆಂಬರ್ ಕೊನೆಗೆ. ನಡುವಿನ ಸುಮಾರು ಎಂಟು ವಾರ ಫ್ರಿಜ್ಜೂ ಖಾಲಿ, ದಾನಿಗಳೂ ಇಲ್ಲ. ನಿಜವಾದ ತುರ್ತು ಆಗ ಬಂದರೆ ನಿಮ್ಮ ಕಾಲೇಜಿನಿಂದ ಒಬ್ಬರೂ ಸಿಗೋದಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದಲ್ಲಿ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಸಾಲುಗಟ್ಟಿ ರಕ್ತ ಕೊಟ್ಟರು. ಗಾಯಾಳುಗಳಿಗೆ ಬೇಕಾದದ್ದು ತೀರಾ ಸ್ವಲ್ಪ, ಎಷ್ಟೋ ಚೀಲಗಳನ್ನು ಅವಧಿ ಮೀರಿ ಎಸೆಯಬೇಕಾಯಿತು. ದೊಡ್ಡ ದೇಶಕ್ಕೇ ಹಾಗಾದರೆ ತಾಲ್ಲೂಕಿನ ಪಾಡೇನು?

ಹಾಗಾಗಿ ಕಂತು ಮಾಡಿ. ಹುಡುಗರದು ಆರು ತಂಡ, ಹುಡುಗಿಯರದು ಎಂಟು; ಹದಿನೈದು ದಿನಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ತಂಡ. ಆರು ಹದಿನೈದಲಿ 90, ಎಂಟು ಹದಿನೈದಲಿ 120, ಅಂದರೆ ಮೊದಲ ತಂಡದ ಸರದಿ ತಾನಾಗಿ ತಿರುಗಿ ಬರುತ್ತದೆ. ತಾರೀಖನ್ನು ರಕ್ತ ಕೇಂದ್ರದವರನ್ನು ಕೇಳಿಯೇ ಗೊತ್ತುಮಾಡಿ, ಅವರ ಬಳಿ ಯಾವ ಗುಂಪಿನ ರಕ್ತ ಕಮ್ಮಿ ಇದೆಯೋ ಅದಕ್ಕೆ ಮೊದಲು ಜನ ಕಳಿಸಿ. ಅಪರೂಪದ ಓ ನೆಗೆಟಿವ್‌ನವರನ್ನು ಶಿಬಿರದಲ್ಲಿ ಮಲಗಿಸಲೇಬೇಡಿ, ಕರೆದಾಗ ಬರುವ ಪಟ್ಟಿಯಲ್ಲಿಡಿ.

ಪಟ್ಟಿಯಲ್ಲಿ ಹೆಸರು, ಫೋನ್, ತೂಕ, ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಖು ಇರಲಿ. ಐಡಿ ಕಾರ್ಡಿನಲ್ಲಿರುವ ಗುಂಪನ್ನು ನಂಬಬೇಡಿ, ಅಡ್ಮಿಷನ್ ದಿನ ಅಂದಾಜಿನಲ್ಲಿ ಬರೆಸಿದವರು ಬೇಕಾದಷ್ಟಿದ್ದಾರೆ. ವಯಸ್ಸು 18 ತುಂಬಿರಬೇಕು. ಮೊದಲ ವರ್ಷದವರಲ್ಲಿ ಹಲವರಿಗೆ ಆಗಿರೋದಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹುಟ್ಟಿದ ದಿನ ನೋಡಿ. ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ. ಹುಡುಗಿಯರು ಹೆಚ್ಚಾಗಿ ವಾಪಸಾಗೋದು ಈ 12.5ರಲ್ಲೇ. ವಾಪಸಾದವರನ್ನು ಹಾಗೇ ಮನೆಗೆ ಕಳಿಸದೆ ಕಬ್ಬಿಣದ ಮಾತ್ರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ತೋರಿಸಿ. ನನ್ನ ಪ್ರಕಾರ ಶಿಬಿರದ ಅರ್ಧ ಉಪಯೋಗ ಇದೇ.

ಉಪವಾಸದವರು, ರಾತ್ರಿ ನಿದ್ದೆಗೆಟ್ಟವರು ಬೇಡ. ಅಂದರೆ ಪರೀಕ್ಷೆಯ ವಾರ ಮತ್ತು ಶಿವರಾತ್ರಿಯ ಮಾರನೇ ದಿನ ಇಟ್ಟುಕೊಳ್ಳಬೇಡಿ. ಊಟ ಮಾಡಿ ಬರಲಿ, ಸೂಜಿ ಹಾಕುವ ಮೊದಲು ಅರ್ಧ ಲೀಟರ್ ನೀರು ಕುಡಿಯಲಿ. ತಲೆಸುತ್ತು ಮಂಚದ ಮೇಲಷ್ಟೇ ಅಲ್ಲ, ಎದ್ದು ನಾಲ್ಕು ಹೆಜ್ಜೆ ನಡೆದ ಮೇಲೂ ಬರಬಹುದು. ಅದಕ್ಕೇ ಶಿಬಿರ ನೆಲಮಹಡಿಯಲ್ಲಿರಲಿ, ಮಂಚದಿಂದ ಬಿಸ್ಕತ್ತಿನ ಟೇಬಲ್ಲಿನವರೆಗೆ ಒಬ್ಬರು ಜೊತೆಗೆ ನಡೆಯಲಿ, ಹದಿನೈದು ನಿಮಿಷ ಅಲ್ಲೇ ಕೂರಿಸಿ. ಬಿದ್ದರೆ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಸುತ್ತ ನಿಂತು ಫೋಟೋ ತೆಗೆಯುವವರನ್ನು ಹೊರಗೆ ಹಾಕಿ.

ಸೈನಿಕರಿಗೆ ಕಂಬಳಿ, ಬಿಸ್ಕತ್ತು ಕೂಡಿಸಿ ಕಳಿಸುವ ಯೋಚನೆಯನ್ನೂ ಬಿಡಿ. ಲಾರಿ ಬಾಡಿಗೆ ಸಾಮಾನಿನ ಬೆಲೆ ದಾಟುತ್ತದೆ. ಹಣ ಇದ್ದರೆ 1962ರಲ್ಲಿ ಶುರುವಾದ ರಾಷ್ಟ್ರೀಯ ರಕ್ಷಣಾ ನಿಧಿಗೆ ಕಟ್ಟಿ, ವಾಟ್ಸಾಪಿನಲ್ಲಿ ಬಂದ ಖಾತೆ ಸಂಖ್ಯೆಗಲ್ಲ. ಬಿಡುವಿರುವ ಮಕ್ಕಳಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಲಿ. ಹಳ್ಳಿಗಳಲ್ಲಿರುವ ಮಾಜಿ ಸೈನಿಕರಿಗೆ, ಸೈನಿಕರ ವಿಧವೆಯರಿಗೆ ಸ್ಪರ್ಶ್ (ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಪಿಂಚಣಿಯ ಜೀವಿತ ಪ್ರಮಾಣಪತ್ರ ಆನ್‌ಲೈನ್‌ನಲ್ಲಿ ಮಾಡಿಸೋದೇ ದೊಡ್ಡ ತಲೆನೋವು. ಫೋನು, ಆಧಾರ್, ಪಿಂಚಣಿ ದಾಖಲೆ ಹಿಡಿದು ಪಕ್ಕದಲ್ಲಿ ಕೂತು ಮಾಡಿಕೊಡಬಲ್ಲ ಇಬ್ಬರು ಸಾಕು. ಒಟಿಪಿ ಮಾತ್ರ ಅವರ ಕೈಯಲ್ಲೇ ಹಾಕಿಸಿ.