ಹುಷಾರಾಗಿದ್ದವರ ಚೀಟಿಯೂ ಬೇಕು

ಪ್ರಶ್ನೆ: ಕಾರವಾರದಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕಮ್ಯುನಿಟಿ ಮೆಡಿಸಿನ್ ಕಲಿಸುತ್ತೇನೆ. ಮಂಗನ ಕಾಯಿಲೆಯನ್ನು ಇಟ್ಟುಕೊಂಡು, ದಾಳ ಉರುಳಿಸಿ ಒಬ್ಬರಿಂದೊಬ್ಬರಿಗೆ ಸೋಂಕು ದಾಟಿಸುವ ಆಟ ಆಡಿಸಬೇಕೆಂದಿದ್ದೇನೆ. 30 ಮಂದಿ, ಎರಡು ಗಂಟೆ. ಸರಿಹೋದೀತೇ?

ಉತ್ತರ: ಮಂಗನ ಕಾಯಿಲೆಗೆ ಆ ಆಟ ಬೇಡ. ಅದು ಮುಖ್ಯವಾಗಿ ಉಣುಗು ಕಚ್ಚಿ ಬರುವಂಥದ್ದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಾಳೆ ಸಿದ್ದಾಪುರದ ಕಾಡಂಚಿನಲ್ಲಿ ಕೆಲಸ ಮಾಡಬೇಕಾದವರ ತಲೆಯಲ್ಲಿ ತಪ್ಪು ಚಿತ್ರ ಕೂರಬಾರದು. ದಾಳವನ್ನು ದಡಾರಕ್ಕೆ ಇಟ್ಟುಕೊಳ್ಳಿ.

ಎರಡು ಗಂಟೆಯಲ್ಲಿ ಮುಗಿಯಬೇಕೆಂದರೆ ಔತಣದ ನಂತರದ ವಾಂತಿಭೇದಿ ಒಳ್ಳೆಯದು. ಮಾಜಾಳಿಯಲ್ಲೊಂದು ಕಾಲ್ಪನಿಕ ಊಟ, 80 ಅತಿಥಿಗಳು, ತಲೆಗೊಂದು ಚೀಟಿ: ವಯಸ್ಸು, ತಿಂದದ್ದು, ಭೇದಿ ಶುರುವಾದ ಗಂಟೆ. ಆರಾರು ಮಂದಿಯ ಐದು ಗುಂಪು ಮಾಡಿ. ಮೊದಲು ಕಾಯಿಲೆ ಬಿದ್ದ 36 ಜನರ ಚೀಟಿ ಮಾತ್ರ ಹಂಚಿ. ಎಲ್ಲರೂ ಅನ್ನ ಉಂಡಿರುತ್ತಾರೆ, ಹಾಗಾಗಿ ಕೆಲವರು ಅನ್ನವನ್ನೇ ದೂರುತ್ತಾರೆ. ಉಳಿದ 44 ಜನರ ಚೀಟಿಯನ್ನು ಅವರಾಗಿ ಕೇಳುವ ತನಕ ಕೊಡಬೇಡಿ. ಇಡೀ ಪಾಠದ ಜೀವ ಇಲ್ಲಿದೆ: ಹುಷಾರಾಗಿದ್ದವರನ್ನು ವಿಚಾರಿಸದೆ ಅಟ್ಯಾಕ್ ರೇಟ್ (ಒಂದು ತಿನಿಸು ತಿಂದವರಲ್ಲಿ ಶೇಕಡಾ ಎಷ್ಟು ಮಂದಿ ಕಾಯಿಲೆ ಬಿದ್ದರು ಎಂಬ ಲೆಕ್ಕ) ಸಿಗದು.

ಅಂಕಿಗಳನ್ನು ಹೀಗೆ ಹೆಣೆಯಿರಿ. ಸಿಗಡಿ ತಿಂದ 50 ಜನರಲ್ಲಿ 30 ಮಂದಿಗೆ ಭೇದಿ, ತಿನ್ನದ 30ರಲ್ಲಿ 6 ಮಂದಿಗೆ. ಅಂದರೆ ಶೇ 60 ಮತ್ತು ಶೇ 20, ರಿಸ್ಕ್ ರೇಶಿಯೋ 3, ತಿಂದವರಿಗೆ ಅಪಾಯ ಮೂರು ಪಟ್ಟು. ಜೊತೆಗೆ ಸೋಲ್ ಕಡಿಯ (ಕೋಕಂ ಪೇಯದ) ಬಲೆ ಬೀಸಿ: ಕುಡಿದ 50ರಲ್ಲಿ 26, ಕುಡಿಯದ 30ರಲ್ಲಿ 10. ಅದೂ ತಪ್ಪಿತಸ್ಥನಂತೆ ಕಾಣುತ್ತದೆ. ಸಿಗಡಿ ತಿಂದವರನ್ನು ಬೇರೆ ಮಾಡಿ ನೋಡಿದರೆ ಕುಡಿದ 40ರಲ್ಲಿ 24, ಕುಡಿಯದ 10ರಲ್ಲಿ 6. ತಿನ್ನದವರಲ್ಲಿ 10ಕ್ಕೆ 2, 20ಕ್ಕೆ 4. ಎರಡೂ ಕಡೆ ಕುಡಿದವರಿಗೂ ಕುಡಿಯದವರಿಗೂ ವ್ಯತ್ಯಾಸವೇ ಇಲ್ಲ; ಕುಡಿದವರಲ್ಲಿ ಹೆಚ್ಚಿನವರು ಸಿಗಡಿಯನ್ನೂ ತಿಂದಿದ್ದರು, ಅಷ್ಟೇ. ಕನ್‌ಫೌಂಡಿಂಗ್ (ಒಂದರ ತಪ್ಪು ಜೊತೆಗಿದ್ದ ಇನ್ನೊಂದರ ತಲೆಗೆ ಬರುವುದು) ಎಂದರೇನೆಂದು ಬೋರ್ಡಿನ ಮೇಲೆ ಅವರೇ ಕಂಡುಕೊಳ್ಳಲಿ.

ಎಪಿಡೆಮಿಕ್ ಕರ್ವ್‌ಗೆ (ಯಾವ ಹೊತ್ತಿಗೆ ಎಷ್ಟು ಮಂದಿ ಕಾಯಿಲೆ ಬಿದ್ದರೆಂಬ ನಕ್ಷೆಗೆ) ನಾಲ್ಕು ಗಂಟೆಗೊಂದು ಕಂಬ ಹಾಕಿಸಿ. ದಿನಕ್ಕೊಂದು ಹಾಕಿದರೆ ಇಡೀ ಪ್ರಕರಣ ಒಂದೆರಡು ಕಂಬದಲ್ಲೇ ಮುಗಿದು, ಆಕಾರವೇ ಕಾಣದು.

ರೋಗಾಣು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಇರಲಿ, ಕಡಲ ಆಹಾರಕ್ಕೆ ಹೊಂದುತ್ತದೆ. ಬೇಯಿಸಿದ ಸಿಗಡಿಯನ್ನು ಹಸಿ ಸಿಗಡಿಯ ಬುಟ್ಟಿಗೇ ಸುರಿದು ಗಂಟೆಗಟ್ಟಲೆ ಹೊರಗಿಟ್ಟ ಸಂಗತಿ ಅಡುಗೆಯವರ ಚೀಟಿಯಲ್ಲಿರಲಿ, ಕೇಳಿದವರಿಗೆ ಮಾತ್ರ ಸಿಗಲಿ. ಲ್ಯಾಬ್ ಚೀಟಿಯೂ ಹಾಗೆಯೇ: ವಿಬ್ರಿಯೊ ಶಂಕೆ ಬರೆದು ಟಿಸಿಬಿಎಸ್ ಅಗರ್ (ವಿಬ್ರಿಯೊ ಬೆಳೆಸುವ ಮಾಧ್ಯಮ) ಕೇಳಿದ ಗುಂಪಿಗೆ ‘ಹಸಿರು ಕಾಲೊನಿ’, ಬರೀ ‘ಮಲ ಪರೀಕ್ಷೆ’ ಎಂದವರಿಗೆ ‘ರೋಗಾಣು ಬೆಳೆದಿಲ್ಲ’. ವರದಿಯನ್ನು ಕೊನೆಯ ಕಾಲು ಗಂಟೆಗೆ ಮುನ್ನ ಕೊಡಬೇಡಿ. ಉಳಿದ ಸಿಗಡಿಯನ್ನು ಮಾದರಿ ತೆಗೆದು ತಡೆಹಿಡಿಯುವ ಆದೇಶವನ್ನು ಅಷ್ಟರೊಳಗೆ ಅವರು ಬರೆದು ಮುಗಿಸಿರಬೇಕು.