577101 ಅವಿಭಾಜ್ಯ ಸಂಖ್ಯೆಯೇ? – ಪ್ರತಿಕ್ರಿಯೆ

ನಮ್ಮ ಚಿಕ್ಕಮಗಳೂರಿನ ಪಿನ್‌ಕೋಡ್ 577101ರ ಕೊನೆಗೆ 1 ಇದೆಯಲ್ಲ, ಅದು ಅವಿಭಾಜ್ಯ ಸಂಖ್ಯೆ ಇರಬಹುದಾ ಎಂದು ಕೇಳಿದ್ದೀರಿ. ಅಲ್ಲ. ಕೊನೆಯ 1 ನೋಡಿದರೆ 2 ಮತ್ತು 5ರಿಂದ ಭಾಗವಾಗಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಅಂಕಿಗಳನ್ನು ಕೂಡಿಸಿ: 21. ಹಾಗಾಗಿ 3ರಿಂದ ಭಾಗವಾಗುತ್ತದೆ.

7ಕ್ಕೆ ಒಂದು ಚೆಂದದ ಉಪಾಯ ಇದೆ. 7, 11, 13 ಗುಣಿಸಿದರೆ 1001 ಅಲ್ವಾ? ಅದಕ್ಕೇ ಆರಂಕಿಯ ಸಂಖ್ಯೆಯನ್ನು ನಡುವೆ ಸೀಳಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. 577 − 101 = 476. ಅದು 7 × 68. ಅಂದರೆ ಇಡೀ ಸಂಖ್ಯೆಗೂ 7 ಹೋಗುತ್ತದೆ. 476ಕ್ಕೆ 11, 13 ಹೋಗಲ್ಲ, ಇದಕ್ಕೂ ಹೋಗಲ್ಲ.

3 ಮತ್ತು 7ರಿಂದ ಭಾಗಿಸಿದ ಮೇಲೆ ಸಿಗುವುದು 27481. ಇದು ಗಟ್ಟಿ ಕಾಯಿ. ಇದರ ವರ್ಗಮೂಲ 166ಕ್ಕಿಂತ ಕಡಿಮೆ, ಆದ್ದರಿಂದ 163ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ನಿನ್ನೆ ಮಳೆಗೆ ಕರೆಂಟ್ ಹೋಗಿತ್ತು. ಕಾಫಿ ತೂಕದ ಚೀಟಿಯ ಹಿಂದೆ ಸುಮ್ನೆ ಭಾಗಿಸುತ್ತಾ ಕೂತೆ. 151ರಿಂದ ಭಾಗಿಸಿದಾಗ ಶೇಷ 150, ಒಂದೇ ಒಂದು ಕಮ್ಮಿ! ಕೊನೆವರೆಗೂ ಯಾವುದೂ ಹೋಗಲಿಲ್ಲ. ಅದು ಅವಿಭಾಜ್ಯವೇ.

ಹಾಗಾಗಿ 577101 = 3 × 7 × 27481. ಒಟ್ಟು 8 ಅಪವರ್ತನಗಳು.

ಹಾಸನದ 573201 ಇಷ್ಟೂ ಕಾಡಲ್ಲ. ಅಂಕಿಗಳ ಮೊತ್ತ 18, ಸೀದಾ 9ರಿಂದಲೇ ಭಾಗವಾಗುತ್ತದೆ.