ಡಾಕ್ಟರು ಒಂದು ಮಾತೂ ಹೇಳದೆ ಮೈ ಮುಟ್ಟಿ ಪರೀಕ್ಷೆ ಮಾಡಿದರು, ಕಸಿವಿಸಿ ಹೋಗುತ್ತಿಲ್ಲ. ತಪ್ಪು ನನ್ನ ಮನಸ್ಸಿನದೇ?

ರಾತ್ರಿ ಪಾಳಿ ಮುಗಿಸಿ ಬಂದು ನಿಮ್ಮ ಪ್ರಶ್ನೆ ಓದಿದೆ, ಮಲಗೋಕೆ ಮನಸ್ಸು ಬರಲಿಲ್ಲ. ಹತ್ತು ದಿನದ ಕೆಮ್ಮು, ಸಂಜೆಯಾದರೆ ಜ್ವರ ಅಂತ ಹಾಸನದ ಒಂದು ಕ್ಲಿನಿಕ್ಕಿಗೆ ಹೋಗಿದ್ದಿರಿ. ಅಮ್ಮನನ್ನು ಹೊರಗೆ ಕೂರಿಸಿದರು. ಡಾಕ್ಟರು ಕುತ್ತಿಗೆ, ಕಂಕುಳು ಒತ್ತಿ ನೋಡಿದರು, ಕುರ್ತಾ ಒಳಗೆ ಕೈ ಹಾಕಿ ಎಡ ಎದೆಯ ಕೆಳಗೆ ಸ್ಟೆತಸ್ಕೋಪ್ ಇಟ್ಟರು, ಮಾತ್ರೆ ಬರೆದು ಕಳಿಸಿದರು. ಮನೆಗೆ ಬಂದು ಹೇಳಿಕೊಂಡರೆ ಅಮ್ಮ, 'ವೈದ್ಯೋ ನಾರಾಯಣೋ ಹರಿಃ, ಹಾಗೆಲ್ಲ ಅನ್ನಬಾರದು' ಅಂದರು.

ನಿಮ್ಮ ಮನಸ್ಸಿನದು ತಪ್ಪಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಇದೇ ಜಿಲ್ಲೆಯಲ್ಲಿ 19 ವರ್ಷದಿಂದ ಸ್ಟಾಫ್ ನರ್ಸ್.

ಈಗ ವೈದ್ಯಕೀಯದ ಮಾತು. ಕೆಮ್ಮು, ಸಂಜೆ ಜ್ವರ ಎರಡೂ ಇದ್ದಾಗ ಕ್ಷಯದ ಅನುಮಾನ ಬರುತ್ತದೆ. ಅದಕ್ಕೆ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟು ಕಟ್ಟಿದೆಯಾ ಅಂತ ಬೆರಳಿನಿಂದ ತಡವಿ ನೋಡುತ್ತಾರೆ. ಹೃದಯದ ತುದಿಯ ಬಡಿತ ಚೆನ್ನಾಗಿ ಕೇಳಿಸುವುದು ಎಡ ಎದೆಯ ಕೆಳಗೆ, ಐದನೇ ಪಕ್ಕೆಲುಬಿನ ಸಂದಿನ ಹತ್ತಿರ. ಹೆಂಗಸರಲ್ಲಿ ಆ ಜಾಗ ಸ್ತನದ ಅಡಿಗೆ ಬರುತ್ತದೆ. ದಪ್ಪ ಬಟ್ಟೆಯ ಮೇಲಿಟ್ಟರೆ ಬಟ್ಟೆ ಉಜ್ಜುವ ಸದ್ದೇ ಜಾಸ್ತಿ. ಹಾಗಾಗಿ ನೀವು ಬರೆದಿರುವ ಪರೀಕ್ಷೆಗೆ ಸರಿಯಾದ ಕಾರಣ ಇರಬಹುದು. ಆದರೆ ಅದನ್ನು ಮಾಡುವ ರೀತಿ ಒಂದಿದೆ. 'ಹೃದಯದ ಸದ್ದು ಕೇಳಬೇಕು, ಕುರ್ತಾ ಸ್ವಲ್ಪ ಎತ್ತಿ ಹಿಡೀತೀರಾ' ಅಂತ ಕೇಳಿ, ಬಟ್ಟೆಯನ್ನು ನಿಮ್ಮ ಕೈಯಲ್ಲೇ ಸರಿಸಿಸಬೇಕು. ಎಷ್ಟು ಬೇಕೋ ಅಷ್ಟೇ ತೆರೆದು, ಉಳಿದದ್ದನ್ನು ಮುಚ್ಚಬೇಕು. ಒಳ್ಳೆಯ ಡಾಕ್ಟರುಗಳು ನೂರು ಜನ ಕಾಯುತ್ತಿದ್ದರೂ ಹೀಗೆ ಮಾಡುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅದಕ್ಕೆ ಹತ್ತು ಸೆಕೆಂಡೂ ಬೇಡ.

ನನ್ನದೊಂದು ಹಳೆಯ ಕಥೆ ಇದೆ. ನರ್ಸಿಂಗ್ ಸೇರುವ ಮೊದಲು, ಇಪ್ಪತ್ತರ ವಯಸ್ಸು. ಹೊಟ್ಟೆನೋವು ಅಂತ ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದು ಒಬ್ಬ ಡಾಕ್ಟರಿಗೆ ತೋರಿಸಿಕೊಂಡೆ. ಹೊಟ್ಟೆ ಒತ್ತಿದರು. ಆಮೇಲೆ ಏನೂ ಹೇಳದೆ ಲಂಗದ ಲಾಡಿ ಸಡಿಲಿಸಿ ತೊಡೆಸಂದು ಒತ್ತಿ, 'ಕೆಮ್ಮು' ಅಂದರು. ಕೆಮ್ಮಿದೆ. ಅಷ್ಟೇ. ವಾಪಸು ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದು ಈಗಲೂ ನೆನಪಿದೆ. ಯಾರಿಗೂ ಹೇಳಲಿಲ್ಲ. ಐದಾರು ವರ್ಷದ ನಂತರ ವಾರ್ಡಿನಲ್ಲಿ ಒಬ್ಬ ಸರ್ಜನ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು: ಹೊಟ್ಟೆನೋವಿನವರ ತೊಡೆಸಂದು ನೋಡದೆ ಬಿಟ್ಟರೆ ಹರ್ನಿಯಾ ಕಣ್ತಪ್ಪುತ್ತದೆ, ತೊಡೆಸಂದಿನ ಒಂದು ಬಗೆಯ ಹರ್ನಿಯಾ ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ, ಕೆಮ್ಮಿಸಿದರೆ ಉಬ್ಬು ಕೈಗೆ ತಾಕುತ್ತದೆ. ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಆಚೆ ಹೋದೆ. ನನಗೆ ಸಮಾಧಾನಕ್ಕಿಂತ ಸಿಟ್ಟು ಹೆಚ್ಚು ಬಂತು. ಈ ಒಂದು ವಾಕ್ಯವನ್ನು ಅವತ್ತೇ ಹೇಳಿದ್ದರೆ ಅಷ್ಟು ವರ್ಷ ನಾನು ಅದನ್ನು ಹೊತ್ತು ತಿರುಗಬೇಕಿರಲಿಲ್ಲ.

ಆದರೆ ನನ್ನದು ಸರಿಯಿತ್ತು ಅಂದ ಮಾತ್ರಕ್ಕೆ ನಿಮ್ಮದೂ ಸರಿಯಿರುತ್ತದೆ ಅಂತ ನಾನು ಹೇಳಲಾರೆ. ಕೆಮ್ಮಿಗೆ ಹೋದವರ ಸ್ತನವನ್ನು ಕೈಯಿಂದ ಒತ್ತಿ ನೋಡುವ ಅಗತ್ಯವಿಲ್ಲ. ಸ್ಟೆತಸ್ಕೋಪ್ ಇಟ್ಟ ಕೈ ಅಲ್ಲೇ ಸುಮ್ಮನೆ ಉಳಿಯುವುದು, ಮೈ ಬಗ್ಗೆ ಏನಾದರೂ ಅನ್ನುವುದು, ಬೇಡ ಅಂದರೂ ಮುಂದುವರಿಸುವುದು, ಇವು ಪರೀಕ್ಷೆಯೇ ಅಲ್ಲ. ನಿಮ್ಮ ನೆನಪಿನಲ್ಲಿ ಇಂಥದ್ದು ಇದೆಯಾ ಅಂತ ನಿಮಗೆ ಮಾತ್ರ ಗೊತ್ತು. ನೀವು ಇಲ್ಲಿ ಬರೆಯದೆ ಬಿಟ್ಟದ್ದೂ ಇರಬಹುದು.

ಅಮ್ಮನನ್ನು ಹೊರಗೆ ಕೂರಿಸಿದ್ದಂತೂ ನನಗೆ ಒಪ್ಪಿಗೆಯಾಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದು ನೇರವಾಗಿಯೇ ಇದೆ: ಗಂಡು ವೈದ್ಯರು ಹೆಣ್ಣನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತ ಕೇಳುವುದು ರೋಗಿಯ ಹಕ್ಕು, ಅದಕ್ಕೆ ಏರ್ಪಾಡು ಮಾಡುವುದು ಆಸ್ಪತ್ರೆಯ ಹೊಣೆ. ನಾನು ಪರದೆಯ ಒಳಗೆ ನಿಲ್ಲುವುದು ಇದಕ್ಕೇ. ಸಕಲೇಶಪುರದ ಕಡೆಯ ತೋಟದ ಲೈನ್ ಮನೆಗಳಿಂದ ಬರುವ ಹೆಂಗಸರು ಎಷ್ಟೋ ಸಲ ಬಾಯಿಬಿಟ್ಟು ಏನೂ ಕೇಳುವುದಿಲ್ಲ, ನನ್ನ ಸೀರೆಯ ತುದಿ ಹಿಡಿದುಕೊಳ್ಳುತ್ತಾರೆ. ಏನೂ ಹೇಳದೆ ಮುಟ್ಟಿಸಿಕೊಂಡು ಹೋದವರು ಮತ್ತೆ ತೋರಿಸಲು ಬಾರದೆ ಕಾಯಿಲೆ ಬಲಿತ ಮೇಲೆ ಬಂದದ್ದನ್ನೂ ಕಂಡಿದ್ದೇನೆ.

ಇವತ್ತೇ ಒಂದು ಹಾಳೆ ತೆಗೆದು ಬರೆದಿಡಿ. ದಿನ, ಹೊತ್ತು, ಒಳಗೆ ಯಾರಿದ್ದರು, ಯಾವುದಾದ ಮೇಲೆ ಯಾವುದು, ಏನು ಮಾತಾಡಿದರು. ವಾರ ಕಳೆದರೆ ಮನಸ್ಸು ಒಂದಷ್ಟನ್ನು ಅಳಿಸುತ್ತದೆ, ಒಂದಷ್ಟನ್ನು ತಿದ್ದುತ್ತದೆ. ಔಷಧಿ ಚೀಟಿ ಜೋಪಾನ. ನಿಮ್ಮ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಾವಳಿಯಲ್ಲಿದೆ. ಧೈರ್ಯ ಬಂದರೆ ಅಮ್ಮನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ, 'ಅವತ್ತು ಕಂಕುಳಲ್ಲಿ ಏನು ಹುಡುಕಿದಿರಿ, ಎದೆಯ ಕೆಳಗೆ ಏನು ಕೇಳಿದಿರಿ' ಅಂತ ಅವರನ್ನೇ ಕೇಳಿ. ಕಾರಣ ಇದ್ದವರು ಹೇಳುತ್ತಾರೆ. ಹೋಗಲು ಮನಸ್ಸಿಲ್ಲದಿದ್ದರೆ ಹೋಗಬೇಡಿ. ಚೀಟಿ ಹಿಡಿದು ಒಬ್ಬ ಲೇಡಿ ಡಾಕ್ಟರನ್ನು ಕಂಡು, ನಡೆದದ್ದು ಹೇಳಿ, ಈ ಪರೀಕ್ಷೆ ಬೇಕಿತ್ತಾ ಅಂತ ಕೇಳಿ.

ಅವರೂ ಬೇಕಿರಲಿಲ್ಲ ಅಂದರೆ, ಅಥವಾ ನಿಮಗೇ ಖಚಿತವಿದ್ದರೆ, ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಬಹುದು. ಖಾಸಗಿ ಕ್ಲಿನಿಕ್ ಆದ್ದರಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ಇದೆ. ಕೆಟ್ಟ ಉದ್ದೇಶದಿಂದ ಮುಟ್ಟಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮಿನ ಅಪರಾಧ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಠಾಣೆಗೆ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 181 ಮಹಿಳಾ ಸಹಾಯವಾಣಿ ಇದೆ.

ಈ ಗಲಾಟೆಯಲ್ಲಿ ಕೆಮ್ಮನ್ನು ಮರೆಯಬೇಡಿ. ಎರಡು ವಾರವಾದರೂ ನಿಲ್ಲದಿದ್ದರೆ ಕಫದ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆ ಕ್ಲಿನಿಕ್ಕಿಗೇ ಹೋಗಬೇಕೆಂದಿಲ್ಲ. ಎಲ್ಲಿಗೆ ಹೋದರೂ, ಹಾಸಿಗೆಯ ಮೇಲೆ ಮಲಗುವ ಮೊದಲೇ 'ನಮ್ಮಮ್ಮ ಇಲ್ಲೇ ಇರ್ತಾರೆ' ಅಂತ ಹೇಳಿ.